ಬಸ್ಸಜ್ಜನ ಕಾರು ದಾನ ಕೊಟ್ಟ ದಿನ

“ಬೇಕು... ಬೇಕು...”

ಬಸ್ಸಜ್ಜ ಮಗಳ ತೋಳನ್ನು ಎಡಗೈಯಿಂದ ಬಿಗಿಯಾಗಿ ಹಿಡಿದಿದ್ದರು. ಅವಳ ಇನ್ನೊಂದು ಕೈಯಲ್ಲಿ ಕಾರಿನ ಕೀಲಿ. ಸೇವಾಸಂಸ್ಥೆಯಿಂದ ಬಂದ ಡ್ರೈವರಮ್ಮ ಗೇಟಿನ ಬಳಿ ಕಾಗದಪತ್ರ ಹಿಡಿದು ನಿಂತಿದ್ದಳು. ಕೊಡುವವರ ಮನೆಯಲ್ಲೇ ಎಳೆದಾಟವಾದರೆ ಪಡೆಯುವವರು ಎಲ್ಲಿ ನೋಡಬೇಕು? ಅವಳು ಗೇಟಿನ ಚಿಲಕವನ್ನೇ ನೋಡುತ್ತಿದ್ದಳು.

“ಬಿಡಪ್ಪ, ಕೈ ನೋಯುತ್ತೆ,” ಎಂದಳು ಮಗಳು.

ಬಸ್ಸಜ್ಜ ಅನ್ನುವುದು ಬೀದಿಯ ಮಕ್ಕಳಿಟ್ಟ ಹೆಸರು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು, ಒಂದು ಗೀರು ಬೀಳಿಸಿದವರಲ್ಲ. ನಿವೃತ್ತರಾದ ಮೇಲೆ ಮನೆಯವರೆಲ್ಲ ಸೇರಿ ಈ ಎಲೆಕ್ಟ್ರಿಕ್ ಕಾರು ತೆಗೆಸಿಕೊಟ್ಟರು. ಸದ್ದೇ ಮಾಡದ್ದೂ ಒಂದು ಗಾಡಿಯೇ ಎಂದು ಮೂಗು ಮುರಿದವರು ವಾರ ಕಳೆಯುವಷ್ಟರಲ್ಲಿ ಅದಕ್ಕೆ ಜೋತುಬಿದ್ದರು. “ವಯಸ್ಸಾಯ್ತು, ಇನ್ನು ಸಾಕು ಮಾಡಪ್ಪ,” ಎಂದು ಮಗಳು ಅಂದಾಗಲೆಲ್ಲ ಕೀಲಿಯನ್ನು ದಿಂಬಿನಡಿ ಇಟ್ಟು ಮಲಗುತ್ತಿದ್ದರು. ಆಮೇಲಾಮೇಲೆ ಕಾರಿನ ಮಾತನ್ನೇ ಮನೆಯಲ್ಲಿ ಎತ್ತದಾದರು. ಎತ್ತಿದರೆ ಎಲ್ಲಿ ಕಿತ್ತುಕೊಳ್ಳುತ್ತಾರೋ ಎಂಬ ಅಳುಕು.

ಎರಡು ತಿಂಗಳ ಹಿಂದೆ, ಮನೆ ಮುಂದಿನ ಇಳಿಜಾರು ಮುಗಿಯುವಲ್ಲಿ, ಕಾರು ಔಷಧಿ ಅಂಗಡಿಯ ಗೋಡೆಗೆ ಗುದ್ದಿತು. ಜನ ಬಾಗಿಲು ತೆಗೆದಾಗ ಅಜ್ಜನ ಬಾಯಿ ವಾರೆಯಾಗಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. “ಓಡಿಸ್ತಿರುವಾಗಲೇ ಲಕ್ವ ಹೊಡೆದಿದೆ, ಅದಕ್ಕೇ ಗುದ್ದಿದ್ದಾರೆ,” ಎಂದರು ಡಾಕ್ಟರು.

ಅಂದಿನಿಂದ ಮಾತು ಅರ್ಧಂಬರ್ಧ. ‘ನೀರು’ ಹೋಗಿ ‘ನೀಉ’ ಆಗಿತ್ತು. ಮೊಮ್ಮಗಳ ಹೆಸರಂತೂ ಹೊರಡುತ್ತಲೇ ಇರಲಿಲ್ಲ. ಸ್ಪಷ್ಟವಾಗಿ ಬರುತ್ತಿದ್ದದ್ದು ‘ಬೇಕು’ ಒಂದೇ. ಕಾರಿನ ಸುದ್ದಿ ಬಂದರೆ ಸಾಕು, ಅದೇ ಜಪ.

“ನಿನ್ನೆ ಗ್ಯಾರೇಜಿನವನು ಬಂಪರ್ ಬದಲಾಯಿಸಿ, ಏರು ಹತ್ತಿಸಿ ತಂದು ನಿಲ್ಲಿಸಿದ. ಬೆಣ್ಣೆ ಹಾಗಿದೆ ಅಂದ,” ಎಂದ ಅಳಿಯ ಡ್ರೈವರಮ್ಮನಿಗೆ.

“ತುಂಬ ಉಪಕಾರ ಆಯ್ತು ಸಾರ್. ಡಯಾಲಿಸಿಸ್‌ಗೆ ಹೋಗೋರು ಹದಿನಾಲ್ಕು ಜನ ಇದ್ದಾರೆ. ಕೆಲವರು ಎರಡೆರಡು ಬಸ್ಸು ಬದಲಾಯಿಸಿ ಬರ್ತಾರೆ, ವಾಪಸ್ ಹೋಗೋವಾಗ ನಿಲ್ಲೋಕೂ ಆಗಲ್ಲ ಪಾಪ.”

“ಕೇಳಿದ್ಯಾ ಅಪ್ಪ? ಎಂಥ ಪುಣ್ಯದ ಕೆಲಸ!”

ಅಜ್ಜ ತಲೆ ಕೊಡವಿದರು. ಎಡಗಾಲನ್ನು ಗಾಲಿಕುರ್ಚಿಯ ಪಾದಹಲಗೆಯ ಮೇಲೆ ಒತ್ತಿದರು. ಮತ್ತೆ ಒತ್ತಿದರು. ದಬದಬ ಸದ್ದಾಯಿತು.

“ನೋಡಿ, ಮಾವ ಕೂತಲ್ಲೇ ಗಾಡಿ ಬಿಡ್ತಿದ್ದಾರೆ!” ಅಳಿಯ ನಕ್ಕ. ಡ್ರೈವರಮ್ಮನೂ ನಕ್ಕಳು. ಮಗಳಿಗೆ ನಗು ಬರಲಿಲ್ಲ, ಕಣ್ಣು ತುಂಬಿತು. ಒಳಗಿನಿಂದ ನೋಟ್‌ಬುಕ್ಕು, ಪೆನ್ನು ತಂದು ಅಪ್ಪನ ತೊಡೆಯ ಮೇಲಿಟ್ಟಳು. ಎಡಗೈ ಹಾಳೆಯ ತುಂಬ ಓಡಿತು. ಸಿಕ್ಕುಬಿದ್ದ ದಾರದಂಥ ಗೆರೆಗಳು. ಅದರೊಳಗೆ ಓದಲು ಬಂದದ್ದು ಒಂದು ಬಾಗಿದ ‘ಬ’ ಮಾತ್ರ.

“ಬೇಕು ಅಂತಲೇ ಬರೀತಿದ್ದಾನೆ,” ಎಂದಳು. “ನನ್ನಿಂದ ನೋಡೋಕಾಗಲ್ಲ. ಬೇಗ ಮುಗಿಸೋಣ.”

“ಕಚೇರೀಲಿ ಒಂದು ಸಹಿ ಬಾಕಿ ಇದೆ ಮೇಡಂ.”

“ನಾನೂ ಇದರಲ್ಲೇ ಬರ್ತೀನಿ, ನಡೀರಿ.”

ಅಜ್ಜನ ಗಂಟಲಿನಿಂದ ಹೊರಟ ಸದ್ದು ಮಾತೂ ಆಗಿರಲಿಲ್ಲ, ಅಳುವೂ ಆಗಿರಲಿಲ್ಲ. ಎಡಗೈಯಿಂದ ಗಾಲಿ ತಳ್ಳಿದರು, ಗೇಟಿಗೆ ಅಡ್ಡ ನಿಲ್ಲಬೇಕೆಂದು. ಒಂದೇ ಕೈಯ ಬಲ. ಕುರ್ಚಿ ಮುಂದೆ ಹೋಗುವ ಬದಲು ಇದ್ದಲ್ಲೇ ಸುತ್ತಿತು. ಮತ್ತೆ ತಳ್ಳಿದರು. ಮತ್ತೆ ಸುತ್ತಿತು. ಅಳಿಯ ಬಂದು ಹಿಡಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಮಗಳು ಮುಂದಿನ ಸೀಟಿನಲ್ಲಿ, ಸ್ಟೀರಿಂಗ್ ಹಿಡಿದ ಡ್ರೈವರಮ್ಮನ ಪಕ್ಕ ಕೂತಳು. ಗಾಜು ಇಳಿಸಿ, “ಅರ್ಧ ಗಂಟೇಲಿ ಬಂದ್ಬಿಡ್ತೀನಪ್ಪ,” ಎಂದಳು. ಕಾರು ಗೇಟು ದಾಟಿತು. ಬಲಕ್ಕೆ ತಿರುಗಿ, ಸದ್ದಿಲ್ಲದೆ, ಇಳಿಜಾರಿಗೆ ಮೂಗು ತಗ್ಗಿಸಿತು.

“ಬಿಟ್ಟುಬಿಡಿ ಮಾವ,” ಎಂದ ಅಳಿಯ, ಹೆಗಲ ಮೇಲೆ ಕೈಯಿಟ್ಟು. “ಕಾರು ತಾನೆ, ಹೋದ್ರೆ ಹೋಯ್ತು.”

ಅಜ್ಜ ಕಣ್ಣು ಮುಚ್ಚಿದರು. ಎರಡು ತಿಂಗಳಿಂದ ಏಳದೆ ಬಿದ್ದಿದ್ದ ನಾಲಿಗೆಯ ತುದಿಯನ್ನು ಇದ್ದಬದ್ದ ಉಸಿರೆಲ್ಲ ಸೇರಿಸಿ ಮೇಲೆತ್ತಿದರು. ಅದು ಅಂಗುಳಕ್ಕೆ ತಾಗಿತು, ಅದುರಿತು.

“ಬ್ರೇಕು,” ಎಂದರು. “ಇಳಿಜಾರಲ್ಲಿ... ಬ್ರೇಕು ಹಿಡಿಯಲ್ಲ.”