ಗೋದಾಬಾಯಿಯ ಕಾಲು

“ಆಷಾಢದಾಗ ಪಂಢರಪುರಕ್ಕ ನಡದು ಹೋದ ಕಾಲು, ಶ್ರಾವಣದಾಗ ಎಲ್ಲಿ ಹೋದ್ವು?”

ಸಾಯಲಿ ಎಂಬ ಹುಡುಗಿ ಇದನ್ನು ಯಾರನ್ನೂ ಕೇಳಲಿಲ್ಲ. ಗೇಟಿನ ಪಕ್ಕದ ಸ್ಟೂಲಿನ ಮೇಲೆ ಕೂತು ಗಾಳಿಯನ್ನು ಕೇಳಿದಳು. ಪುಣೆಯ ಹೊರವಲಯದ ಆ ಮೋಜಿನ ಪಾರ್ಕಿನಲ್ಲಿ ಅವಳದು ಕಾವಲಿನ ಕೆಲಸ, ಕೆಲಸದ ಭಾಷೆ ಮರಾಠಿ. ಸಂಶಯ ಬಂದಾಗ ಮಾತ್ರ ಬಾಯಿಗೆ ತಾಯಿಯ ಬೆಳಗಾವಿ ಕನ್ನಡ ಬರುತ್ತಿತ್ತು.

ಸಂಶಯ ಆಗಷ್ಟೇ ಅವಳೆದುರೇ ಒಳಗೆ ಉರುಳಿಹೋಗಿತ್ತು. ಪಾರ್ಕಿನವರೇ ಕೊಡುವ ಗಾಲಿಕುರ್ಚಿ. ಅದರಲ್ಲಿ ತುಳಸಿಮಾಲೆಯ ಅಜ್ಜಿ. ಹಿಂದೆ, ಹಿಡಿಕೆ ಹಿಡಿದ ಎತ್ತರದ ಮಗ. ಅಜ್ಜಿಯನ್ನು ಸಾಯಲಿ ಬಲ್ಲಳು. ಹೋದ ತಿಂಗಳು ಯೆರವಡಾದ ಕಡೆಯಿಂದ ಪಂಢರಪುರದ ಪಾಲಖಿ ಹಾದುಹೋದಾಗ, ಹಾಡುತ್ತ ನಡೆಯುವ ಭಕ್ತರ ದಿಂಡಿಯ ಮುಂದೆ, ತಲೆಯ ಮೇಲೆ ತುಳಸಿಕಟ್ಟೆ ಹೊತ್ತು, ಎಳೆಯ ಹುಡುಗಿಯರನ್ನೂ ಹಿಂದೆ ಹಾಕಿ ನಡೆದಿದ್ದ ಗೋದಾಬಾಯಿ ಇವಳೇ. ಸಾಯಲಿ ಕೊಟ್ಟ ಬಾಳೆಹಣ್ಣನ್ನು ನಿಲ್ಲದೆಯೇ ತಿಂದಿದ್ದಳು.

ಕಾರಣ ಊಹಿಸುವುದು ಕಷ್ಟವಲ್ಲ. ಗಾಲಿಕುರ್ಚಿಗೆ ಇಲ್ಲಿ ಬೇರೆ ದಾರಿ. ಸಾಲಿಲ್ಲ, ನೂಕಾಟವಿಲ್ಲ, ಆಟ ನೋಡಲು ಎಲ್ಲರಿಗಿಂತ ಮುಂದಿನ ಜಾಗ. ಹೀಗಾಗಿ ರಜೆ ಬಂತೆಂದರೆ ಪುಣೆಯ ಅರ್ಧ ಅಜ್ಜಿಯರಿಗೆ ಮಂಡಿನೋವು.

ಅವಳು ಅವರ ಹಿಂದೆಯೇ ಹೊರಟಳು.

“ವಿಠ್ಠಲ... ವಿಠ್ಠಲ...” ಗೋದಾಬಾಯಿ ತಾಳ ಹಾಕಿದಂತೆ ನಾಮ ಹೇಳುತ್ತಿದ್ದಳು. ಒಂದೊಂದು ವಿಠ್ಠಲನಿಗೆ ಕುರ್ಚಿ ಒಂದೊಂದು ಹೆಜ್ಜೆ ಸರಿಯುತ್ತಿತ್ತು. ನಾಮ ನಿಂತರೆ ಕುರ್ಚಿಯೂ ನಿಲ್ಲುತ್ತಿತ್ತು. ಭಕ್ತಿಯ ಸೋಗು ಬೇರೆ, ಅಂದುಕೊಂಡಳು ಸಾಯಲಿ. ಅಜ್ಜಿಯ ತೊಡೆಯ ಮೇಲೆ ಕಲ್ಲು ತುಂಬಿದಂಥದೊಂದು ಚೀಲ.

“ಆಜಿ, ಮೀ ಢಕಲತೇ,” ತಾನು ತಳ್ಳುತ್ತೇನೆಂದು ಮುಂದೆ ಬಂದು ಕೈ ಚಾಚಿದಳು.

“ನಕೋ!” ತಾಯಿ ಮಗ ಒಟ್ಟಿಗೇ ಬೇಡವೆಂದರು. ಹಿಡಿಕೆಯ ಮೇಲೆ ಮಗನ ಬೆರಳುಗಳು ಬಿಳಿಚಿಕೊಂಡವು.

ಸಾಯಲಿ ಹಿಂದೆ ಸರಿದಳು. ಅವರು ಕನ್ನಡಕ್ಕೆ ಹೊರಳಿದರು. ಪುಣೆಯಲ್ಲಿ ಗುಟ್ಟು ಮಾತಾಡುವ ಕನ್ನಡದವರೆಲ್ಲ ಮಾಡುವ ತಪ್ಪು ಅದು.

“ಅವ್ವಾ, ಆ ಹುಡುಗಿಗೆ ಸಂಶೇ ಬಂದದ.”

“ಬರಲಿ ಬಿಡೋ ಮಧುಕರ. ನೀ ಸುಮ್ಮ ತಳ್ಳು, ನಾ ಸುಮ್ಮ ಕೂಡ್ತೀನಿ.”

“ಮಂದಿಗೆ ಗೊತ್ತಾದ್ರ?”

“ಮಂದಿ ಮುದುಕೀನ್ನ ನೋಡ್ತಾರ, ತಳ್ಳಾವನ್ನ ಯಾರು ನೋಡ್ತಾರ? ಹಡೆದು ಇಷ್ಟು ವರ್ಷಕ್ಕ ಮಗನ ಕಡೆಯಿಂದ ಒಂದು ಸೇವಾ ಸಿಕ್ಕದ, ಕೆಡಿಸಬ್ಯಾಡ. ನಮ್ಮ ಪ್ರಾಚಿ ಕುಣಿಯೂದು ಮುಂದ ಕೂತು ನೋಡಿದ್ರ ಸಾಕು.”

ಸಾಯಲಿಯ ಕಿವಿ ನಿಮಿರಿತು. ಪ್ರಾಚಿ ಪಾರ್ಕಿನ ರಂಗಕ್ಕೆ ಹೊಸದಾಗಿ ಸೇರಿದ ನರ್ತಕಿ. ಇವತ್ತೇ ಅವಳ ಮೊದಲ ಆಟ. ಬಣ್ಣ ಹಚ್ಚಿಕೊಳ್ಳುತ್ತ ಹೇಳಿದ್ದಳು: ಅಪ್ಪ ಹಟಮಾರಿ, ವರ್ಷದಿಂದ ಮನೆ ಬಿಟ್ಟು ಕದಲಿಲ್ಲ, ಇವತ್ತೂ ಬರುವುದಿಲ್ಲ. ಬಂದರೆ ಎದುರಿಗೇ ಕಾಣಬೇಕು, ಅಷ್ಟೇ ಆಸೆ.

ಸಾಯಲಿಯ ಮನಸ್ಸು ಒಂದು ಗಳಿಗೆ ಮೆತ್ತಗಾಯಿತು. ಮರುಗಳಿಗೆ ಗಟ್ಟಿಯಾಯಿತು. ಬಂದವನು ನಾಲ್ಕು ಜನರಂತೆ ಸಾಲಿನಲ್ಲಿ ಬರಬಾರದೆ?

ಕಬ್ಬಿನಹಾಲಿನ ಅಂಗಡಿಯ ಹತ್ತಿರ ಸಾಕ್ಷಿಯೇ ಸಿಕ್ಕಿತು. ಮಧುಕರ ಕುರ್ಚಿಯನ್ನು ಕಟ್ಟೆಗೆ ಆನಿಸಿ, ತಾನು ಕಟ್ಟೆಯ ಮೇಲೆ ಕೂತ. ಅವನು ಕೂತದ್ದೇ ತಡ, ಗೋದಾಬಾಯಿ ಪಟ್ಟನೆ ಎದ್ದಳು. ನಿರಿಗೆ ಚಿಮ್ಮುತ್ತ ಅಂಗಡಿಗೆ ನಡೆದಳು. ಬರ್ಫದ ವಿಷಯಕ್ಕೆ ಅಂಗಡಿಯವನೊಡನೆ ಜಗಳಾಡಿದಳು. ಎರಡು ಕೈಗೆ ಎರಡು ಗ್ಲಾಸು ಹಿಡಿದು, ಹನಿ ಚೆಲ್ಲದೆ ಬಂದಳು. ಮಗರಾಯ ಕೂತಲ್ಲೇ ಕುಡಿದ.

“ಎಂಥಾ ಗಂಡಸಪ್ಪಾ,” ಅಂದಳು ಸಾಯಲಿ ಮರದ ಮರೆಯಿಂದ.

ಗೋದಾಬಾಯಿ ಮತ್ತೆ ಕುರ್ಚಿಯಲ್ಲಿ ಕೂತಳು. ಬ್ರೇಕು ಎಳೆದಳು. ಚೀಲವನ್ನು ತೊಡೆಗೇರಿಸಿ “ಹೂಂ” ಅಂದಳು. ಮಗ ಎದ್ದದ್ದು ಆಮೇಲೆ.

ರಂಗದ ಮುಂದೆ ಸಾಲು ಹಾವಿನಂತೆ ಹೊರಳಿತ್ತು. ಪಕ್ಕದ ಇಳಿಜಾರು ದಾರಿಗೆ ಕಟ್ಟಿದ್ದ ಹಗ್ಗದ ಮುಂದೆ ಸಾಯಲಿ ಅಡ್ಡ ನಿಂತಳು. ಒಳಗೆ ಡೋಲು ಶುರುವಾಗಿತ್ತು.

“ಅಜ್ಜಿ, ಇಳೀರಿ,” ಅಂದಳು, ಅಚ್ಚ ಬೆಳಗಾವಿ ಕನ್ನಡದಲ್ಲಿ.

ಮಧುಕರನ ಮುಖ ಇಳಿಯಿತು. ಗೋದಾಬಾಯಿಯ ಮುಖ ಅರಳಿತು. “ಅಯ್ಯ, ನಮ್ಮಾಕೀನ ಅದಿಯಲ್ಲ!”

“ನಿಮ್ಮಾಕೀನ ಹೌದ್ರಿ. ದಿಂಡ್ಯಾಗ ನಿಮಗ ಬಾಳಿಹಣ್ಣ ಕೊಟ್ಟಾಕಿನೂ ನಾನ. ಈಗ ಕಬ್ಬಿನಹಾಲು ತಂದಿದ್ದೂ ನೋಡೀನಿ. ಇದು ನಡೀಲಿಕ್ಕೆ ಆಗಲಾರದವರ ದಾರಿ. ನಿಮಗೇನು ಮಂಡಿನೋವು ಅದ?”

“ಛೇ, ಸುಳ್ಳ್ಯಾಕ ಹೇಳಲಿ? ಪಾಂಡುರಂಗ ನನಗ ಕಬ್ಬಿಣದ ಮಂಡಿ ಕೊಟ್ಟಾನ.”

“ಮತ್ತ ಏಳ್ರಿ. ಖುರ್ಚಿ ಬಿಟ್ಟು ಸಾಲಿಗೆ ಹೋಗ್ರಿ.”

ಡೋಲಿನ ಸದ್ದು ಏರಿತು. ಮಧುಕರ ಏನೋ ಹೇಳಲು ಬಾಯಿ ತೆರೆದ. ಗೋದಾಬಾಯಿ ಕೈಯನ್ನು ಹಿಂದಕ್ಕೆ ಚಾಚಿ, ಹಿಡಿಕೆಯ ಮೇಲಿದ್ದ ಅವನ ಕೈಯನ್ನು ಮುಚ್ಚಿದಳು. ಇನ್ನೊಂದು ಕೈಯಿಂದ ಸಾಯಲಿಯ ಕಿವಿಯನ್ನು ತನ್ನ ಬಾಯಿಯ ಹತ್ತಿರ ಎಳೆದಳು.

“ಕಾಲು ಹೋಗಿದ್ದು ನಂದಲ್ಲ ತಂಗಿ, ಈ ಖುರ್ಚಿ ಹಿಡಕೊಂಡು ನಿಂತಾವಂದು. ಇದರಾಗ ತಾ ಕೂಡಲಿಕ್ಕೆ ಅವಗ ನಾಚಿಕಿ. ನಾ ಎದ್ರ ಖುರ್ಚಿ ಹಗುರಾಗಿ ಓಡತದ, ಅವ ಬೀಳ್ತಾನ. ನಾ ಏಳೂದಿಲ್ಲ, ಹೋಗು.”