ಹದಿನಾಲ್ಕು ನಡೆಗೆ ಚೆಕ್‌ಮೇಟ್

2147ರ ಮೇ 6, ಬೆಳಿಗ್ಗೆ 10 ಗಂಟೆ 20 ನಿಮಿಷ. ಶನಿಯ ಹಿಮಚಂದ್ರನ ಮೇಲಿನ ಠಾಣೆಯಲ್ಲಿ ಇಂದುಮತಿ ಅಯಸ್ಕಾಂತದ ಚದುರಂಗದ ಮಣೆಯ ಮುಂದೆ ಕೂತು, ಧಾರವಾಡದ ಕಾಕಾನ ನಡೆಗಾಗಿ ಕಾಯುತ್ತಿದ್ದಳು. ಇನ್ನು ಹತ್ತು ನಿಮಿಷಕ್ಕೆ ಲಿಫ್ಟು ಅವಳನ್ನು ಹಿಮದಡಿಯ ಸಾಗರಕ್ಕೆ ಇಳಿಸಲಿತ್ತು. ಅಲ್ಲಿಗೆ ರೇಡಿಯೋ ಮುಟ್ಟುವುದಿಲ್ಲ. ಹನ್ನೊಂದು ತಿಂಗಳು ಒಬ್ಬಳೇ ಕಾವಲಿರಬೇಕು. ಹಿಂದಿನ ಕಾವಲುಗಾರ ನಾಲ್ಕನೇ ತಿಂಗಳಿಗೇ ಗೋಡೆಯ ಜೊತೆ ಜಗಳವಾಡತೊಡಗಿದ್ದ.

ಭೂಮಿಯಿಂದ ಎಂಬತ್ತು ನಿಮಿಷ ಪಯಣಿಸಿದ ದನಿ ಕೊನೆಗೂ ಬಂತು. “ಇಂದೂ, ಇನ್ನ ಹದಿನಾಲ್ಕು ನಡಿಯೊಳಗ ನಿನ್ನ ರಾಜಾ ಖಲಾಸ್. ಹೆಂಗಂತ ನಾ ಹೇಳಂಗಿಲ್ಲ. ತಲಿ ಐತಲ್ಲ, ಹುಡುಕು!”

ದೂರದ ಆಟದಲ್ಲಿ ಚೆಕ್‌ಮೇಟನ್ನು ಮೊದಲೇ ಸಾರುವವರು ನಡೆಗಳನ್ನೆಲ್ಲ ಬಿಡಿಸಿ ಹೇಳುವುದು ಶಿಷ್ಟಾಚಾರ. ಅದನ್ನು ಅವಳಿಗೆ ಕಲಿಸಿದ ಕಾಕಾನೇ ಹೀಗೆ ಮಾಡಬಹುದೇ ಎಂದು ಅವಳಿಗೆ ಸಿಟ್ಟು ಬಂತು. ಮೊದಲ ನಡೆ ಆನೆಯದೋ ಕುದುರೆಯದೋ ಎಂದು ಯೋಚಿಸುತ್ತ ಕೂತವಳಿಗೆ ಒಮ್ಮೆಲೇ ಹೊಳೆಯಿತು. ಕಾಕಾ ಅವಳ ತಲೆಗೆ ಹನ್ನೊಂದು ತಿಂಗಳಿಗೆ ಸಾಲುವಷ್ಟು ಬುತ್ತಿ ಕಟ್ಟಿಕೊಟ್ಟಿದ್ದರು.

“ಭಾಳ ಉಪಕಾರ ಆತು ಕಾಕಾ,” ಎಂದು ಕಳಿಸಿ, ಮಣೆಯನ್ನು ಎದೆಗವಚಿಕೊಂಡು ಲಿಫ್ಟು ಹತ್ತಿದಳು. ಆ ಮಾತು ಧಾರವಾಡ ಮುಟ್ಟಿದಾಗ ಅವಳ ತಲೆಯ ಮೇಲೆ 2.4 ಕಿಲೋಮೀಟರ್ ದಪ್ಪದ ಮಂಜುಗಡ್ಡೆಯಿತ್ತು.