ಪೋಖರಣದ ಪೇಡೆ

ಬೆರಳು ತಾಕಿ ಮೈಲಿಗೆಯಾದೀತೆಂದು ಶಿವರುದ್ರಪ್ಪನವರು ಪೇಡೆಯನ್ನು ಗೇಣು ಮೇಲಿನಿಂದಲೇ ಬಿಡುವವರಿದ್ದರು. ಅದನ್ನು ಬಲ್ಲ ಕಲ್ಲವ್ವ ಅಂಗೈಯನ್ನು ತುಸು ಎತ್ತಿದಳು. ಅವರ ಕೈಯೂ ಅಷ್ಟೇ ಮೇಲೆ ಹೋಯಿತು.

ಕೋಥರೂಡ ಬಡಾವಣೆಯ ಆ ವಸತಿ ಸೊಸೈಟಿಯ ಮೆಟ್ಟಿಲು, ಮೋರಿಗಳನ್ನು ಅವಳು ಹನ್ನೊಂದು ವರ್ಷ ಗುಡಿಸಿದ್ದಳು. ದೀಪಾವಳಿಯ ಚಕ್ಕುಲಿ, ಗಣಪತಿಯ ಮೋದಕ ಎಲ್ಲವೂ ಅವಳ ಕೈಗೆ ಬಿದ್ದಿದ್ದವೇ ಹೊರತು ಯಾರೂ ಕೊಟ್ಟಿರಲಿಲ್ಲ. ಇಂದು, ದೇಶ ಪೋಖರಣದಲ್ಲಿ ಅಣುಬಾಂಬು ಸಿಡಿಸಿತೆಂದು ಪಟಾಕಿ ಹೊಡೆದವರು ಅದರ ಕಸವನ್ನೂ ಅವಳಿಂದಲೇ ಬಳಿಸಿದ್ದರು.

"ತಗೋ ಕಲ್ಲವ್ವ, ಬಾಯಿ ಸಿಹಿ ಮಾಡ್ಕೋ. ಇನ್ಮ್ಯಾಲೆ ಭಾರತ ಯಾರಿಗೂ ಹೆದರೂದಿಲ್ಲ!" ಎಂದರು ಸೊಸೈಟಿಯ ಚೇರ್ಮನ್ ಆದ ಶಿವರುದ್ರಪ್ಪ.

ಅವಳು ಕೈಯನ್ನು ಇನ್ನಷ್ಟು ಎತ್ತಿದಳು. ಅವರು ಪೇಡೆಯನ್ನು ತಲೆಯ ಮೇಲಕ್ಕೆ ಒಯ್ದು, ಕೊನೆಗೆ ತುದಿಗಾಲಲ್ಲಿ ನಿಂತರು. ಮಹಡಿಯ ಹೆಂಗಸರು ಕಿಸಕ್ಕನೆ ನಕ್ಕರು. ನಾಳೆ ಕೆಲಸ ಹೋಗುತ್ತದೆಂದು ಕಲ್ಲವ್ವನಿಗೆ ಗೊತ್ತಿತ್ತು. ಆದರೂ ಕೈ ಇಳಿಯಲಿಲ್ಲ.

"ಬಾಂಬ್ ಇಟ್ಕೊಂಡು ನನ್ನ ಕೈಗೆ ಹೆದರ್ತೀರಲ್ರೀ ಸಾವಕಾರ್ರ," ಎಂದು ಅವಳು ಕಸಬರಿಗೆಯನ್ನು ಅವರ ಕಾಲ ಬಳಿ ಒಗೆದಳು. "ತಗೋರ್ರಿ, ಇದನ್ನರ ಮುಟ್ಟೂ ಧೈರ್ಯ ಐತೇನು ನೋಡೂಣು."

ಯಾರಿಗೂ ಹೆದರದ ದೇಶದ ಚೇರ್ಮನ್ನರು ಕಸಬರಿಗೆಯಿಂದ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು.